ಎರಡನೇ ಡಬ್ಬಿ ಮೊದಲ ಏರಿದ ದಿನ

…ಅವನ್ನ ಕರದ್ರ ಕರೀಲಿ, ಅದಕ್ಕ ನಂದೇನೂ ತಕರಾರಿಲ್ಲ. ಅಲ್ಲ, ತಡೀರಿ, ಮೊದಲಿಗೇ ಸುಳ್ಳ ಹೇಳಬಾರದು, ತಕರಾರ ಐತಿ, ಭಾಳ ಐತಿ. ನಿಮ್ಮ ಸಾಲ್ಯಾಗ ಮೂಕಿ ಸಿನಿಮಾದ ಬಗ್ಗೆ ಮಾತಾಡಾಕ ಒಬ್ಬ ಮುದಕ ಬೇಕಾಗಿದ್ದ. ಇಲ್ಲೆ ಈ ಅರಬರ ದೇಶದಾಗ, ಅಲ್ ಅಜೀಜಿಯಾದಾಗ, ಈ ಕಟ್ಟಿ ಮ್ಯಾಲ, ಮುಂಜಾನಿಂದ ಸಂಜೀತನಕ ಪಾರಿವಾಳ ಎಣಿಸ್ಕೋತ ಒಬ್ಬ ಮುದಕ ಖಾಲಿ ಕುಂತಾನ. ಅವನ್ನ ಬಿಟ್ಟು ಲುಸೈಲಿನ್ಯಾಗ ಎತ್ತರದ ಕಟ್ಟಡದಾಗ ಆಕಾಶಕ್ಕ ಹತ್ತಿ ಕುಂತ ಹಮೀದನ್ನ ಹುಡಿಕಿ ಕರಕೊಂಡ ಬಂದ್ರು! ಏನಂದಿ ಸಿಂಚನಾ? "ನೀನೂ ಸಿನಿಮಾ ವ್ಯಾನಲ್ಲಿ ವರ್ಕ್ ಮಾಡಿದ್ದು ನಮಗೆ ಹೇಳೇ ಇಲ್ವಲ್ಲ ಅಜ್ಜಾ" ಅಂದೇನ? ಅದೂ ಖರೇನವಾ. ಹೇಳಿಲ್ಲ. ನಿಮ್ಮಪ್ಪಗೂ ಹೇಳಿಲ್ಲ, ತೀರಿಹೋದ ನಿಮ್ಮಜ್ಜಿಗೂ ಹೇಳಿಲ್ಲ. ಸರ್ಕಾರಿ ನೌಕರಿ ಮಾಡಿದ್ನಿ, ಪೆನ್ಶನ್ ಬರತೈತಿ, ಅಷ್ಟ ಹೇಳಿ ಬಾಯಿ ಮುಚ್ಚಿಕೊಂಡಿದ್ನಿ. ಇವತ್ತ ಹೇಳ್ತೀನಿ. ಜುಮ್ಮಾ ನಮಾಜ್ ಮುಗಿಸ್ಕೊಂಡು ಆ ಹಮೀದ ಇಲ್ಲಿಗೇ ಊಟಕ್ಕ ಬರಾವ ಇದ್ದಾನ, ನಾನ ಕರಸೀನಿ, ನಿಮ್ಮವ್ವ ಒಳಗ ರೊಟ್ಟಿ ಬಡೀಲಿಕತ್ತಾಳ, ಅಷ್ಟರಾಗ ಹೇಳಿ ಮುಗಸಬೇಕು. ಚಿಂಟ್ಯಾ, ಆ ಫೋನ್ ಕೆಳಗ ಇಡು. ಇಡ ಅಂದ್ನಿ. ಖಲಾಸ್.

ಮೂಕಿ ಸಿನಿಮಾ ಅಂದ್ರ ನಿಮಗ ಏನ್ ಗೊತ್ತು? ಟೊಪ್ಪಿಗಿ ಹಾಕ್ಕೊಂಡಾವ ಬೀಳ್ತಾನ, ಏಳ್ತಾನ, ಅಷ್ಟ. ಹಂಗಲ್ಲ. ಬ್ರಿಟಿಷರು ಇದ್ದಾಗ, ಸಿನಿಮಾಕ್ಕ ಇನ್ನೂ ಮಾತ ಬಂದಿರದಾಗ, ನಮ್ಮ ಸರ್ಕಾರನ ಸಿನಿಮಾ ತಗೀತಿತ್ತಂತ. ಕೈಲೆ ತಿರುವೋ ಕ್ಯಾಮೆರಾ, ಅದನ್ನ ತಿರುವಾಕ ಒಬ್ಬ ಸರ್ಕಾರಿ ನೌಕರ. ಹೀರೋನೂ ಸರ್ಕಾರಿ ನೌಕರ! ಇದನ್ನ ನಮಗ ಹೇಳಿದವ್ರು ನಮ್ಮ ರೀಲಿನ ಗೋದಾಮಿನ ಮುದಕ ಕ್ಲಾರ್ಕ್, ಅವರಪ್ಪನೂ ಅದ ಗೋದಾಮಿನ್ಯಾಗ ಇದ್ದನಂತ. "ಡಾಕ್ಟರ್ ಪಾರ್ಟು ನಮ್ಮ ಹೆಡ್ ಕ್ಲಾರ್ಕ್ ಮಾಡ್ಯಾರ ನೋಡು, ತಾಯಿ ಪಾರ್ಟಿಗೆ ಯಾವ ಹೆಂಗಸೂ ಬರಲಿಲ್ಲ, ಅದಕ್ಕ ಪ್ಯೂನ್‌ಗ ಸೀರಿ ಉಡಿಸ್ಯಾರ, ಆ ಸೀರಿ ಮಂಜೂರಾಗಾಕ ಮೂರ ಸಾಹೇಬರ ಸಹಿ ಬೇಕಾತು" ಅಂತ ಹೇಳಿ ಹೇಳಿ ನಗತಿದ್ರು. ನಾ ಕೆಲಸಕ್ಕ ಸೇರೂ ಹೊತ್ತಿಗೆ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆಗಿತ್ತು, ವಿಜಾಪುರದ ಟಾಕೀಜಿನ್ಯಾಗ ಬಣ್ಣದ ಸಿನಿಮಾ ಓಡತಿದ್ವು, ಜನ ಸೀಟಿ ಹೊಡೀತಿದ್ರು. ಆದ್ರ ನಮ್ಮ ಗೋದಾಮಿನ್ಯಾಗ ಇನ್ನೂ ಮಾತ ಬಂದಿರಲಿಲ್ಲ. ಹಳೇ ಮೂಕಿ ರೀಲು ಅದಾವಲ್ಲ, ಹೊಸಾದ್ಯಾಕ ಬೇಕು ಅಂದ್ರು ಮ್ಯಾಲಿನವ್ರು. ಬಾವಿ ಹೆಂಗ ಸ್ವಚ್ಛ ಇಡಬೇಕು, ದನಕ್ಕ ಬ್ಯಾನಿ ಬಂದ್ರ ಏನ್ ಮಾಡಬೇಕು, ಸಿಡುಬಿಗೆ ಸೂಜಿ ಯಾಕ ಹಾಕಿಸ್ಕೋಬೇಕು, ಇಂಥವು. ಅವನ್ನ ವ್ಯಾನಿನ್ಯಾಗ ಹೇರಿಕೊಂಡು ಹಳ್ಳಿ ಹಳ್ಳಿ ತಿರಗತಿದ್ವಿ. ಡ್ರೈವರ್ ಒಬ್ಬ, ಮಶೀನ್ ಓಡಸೋ ಆಪರೇಟರ್ ನಾ, ಮತ್ತ… ಮತ್ತ ಅವ.

ಹಮೀದ. ರೀಲಿನ್ಯಾಗ ಮಾತಿಲ್ಲಲ್ಲ, ಅದಕ್ಕ ಪಡದೆ ಬಾಜೂಕ ನಿಂತು ಮಾತ ಹೇಳಾಕ ಒಬ್ಬ ಬೇಕಾಗಿದ್ದ. ಮಂಗಳೂರ ಕಡಿಯಿಂದ ಬಂದಿದ್ದ, ಮನಿಯಾಗ ಬ್ಯಾರಿ ಭಾಷಾ, ಕನ್ನಡ ಮಾತಾಡಿದ್ರ ಪುಸ್ತಕ ಓದಿದಂಗ. "ಬಂಧುಗಳೇ, ನೋಡಿ, ಈ ತಾಯಿಯ ಮುಖವನ್ನು ನೋಡಿ" ಅಂತಿದ್ದ, ಅಲ್ಲೇನ ನೋಡೂದೈತಿ, ಸೀರಿ ಉಟ್ಟ ಪ್ಯೂನ್, ಮೀಸಿ ಬೋಳಿಸಿದ್ದ ಗುರ್ತ ಸೈತ ಕಾಣತಿತ್ತು! ಆದ್ರೂ ಹೆಣ್ಮಕ್ಕಳು ಸೆರಗ ಬಾಯಿಗಿಟ್ಟುಕೊಂಡು ಅಳತಿದ್ರು. ಅವನ ದನಿ ಅಂಥಾದ್ದು. ನಮ್ಮ ಕಡೆ ಮಂದಿ, ನಮ್ಮ ಮಾತಿನವ್ರು, ನಾ ಬಸವನ ಬಾಗೇವಾಡಿ ಕಡಿಯಾವ, ನನ್ನ ಬಿಟ್ಟು ಅವನ್ನ ತಲೀಮ್ಯಾಲ ಹೊತಗೊಂಡ್ರು. ಊರೊಳಗ ವ್ಯಾನ್ ಹೊಕ್ಕಿತೋ ಇಲ್ಲೋ, "ಮಾತಿನ ಮಾಸ್ತರ ಬಂದ್ರು! ಮಾತಿನ ಮಾಸ್ತರ ಬಂದ್ರು!" ಗೌಡರ ಮನಿ ಚಾ ಅವಗ, ಶೇಂಗಾ ಹೋಳಿಗಿ ಅವಗ, ಮೊಸರ ಅವಗ. ನಾ? ನಾ ಮಶೀನ್ ಹಿಂದ, ಕತ್ತಲ್ಯಾಗ, ದೀಪದ ಝಳಕ್ಕ ಮಾರಿ ಸುಟಗೋತ ಕುಂತಿರತಿದ್ನಿ. ಆ ಬೆಳಕ ಎಲ್ಲಿಂದ ಬರತೈತಿ ಅಂತ ಒಬ್ಬರೂ ಹೊಳ್ಳಿ ನೋಡ್ತಿರಲಿಲ್ಲ. ಅವ ಕೆಟ್ಟಾವ ಆಗಿದ್ರ ನನಗ ಛಲೋ ಇತ್ತು, ಬೈಕೊಂಡು ಸಮಾಧಾನ ಮಾಡ್ಕೋತಿದ್ನಿ. ಅದೂ ಇಲ್ಲ. ತನಗ ಕೊಟ್ಟ ಹೋಳಿಗಿ ಅರ್ಧ ಮುರದು ಕಾಗದದಾಗ ಸುತ್ತಿ ತರತಿದ್ದ, "ತಗೊಳ್ಳಿ ಮಲ್ಲಣ್ಣ, ನಿಮಗೆ ಅಂತ ಕೊಟ್ರು" ಅಂತಿದ್ದ. ನನಗ ಅಂತ ಯಾರೂ ಕೊಟ್ಟಿಲ್ಲ ಅನ್ನೂದು ನನಗ ಗೊತ್ತಿತ್ತು, ಆದ್ರೂ ತಿಂತಿದ್ನಿ. ಸಿಟ್ಟಿನಿಂದ ತಿಂತಿದ್ನಿ. ಅದು ರೇಶನ್ನಿನ ಕೆಂಪ ಜೋಳದ ಕಾಲ ನೋಡ್ರಿ, ಆ ಜೋಳದ ರೊಟ್ಟಿ ತಟ್ಟಿದ್ರ ಒಡೀತಿತ್ತು, ನುಂಗಿದ್ರ ಗಂಟಲಾಗ ನಿಂದರತಿತ್ತು. ನಮ್ಮಪ್ಪ ಇರಲಿಲ್ಲ, ಅವ್ವ ಮಂದಿ ಮನಿ ಭಾಂಡಿ ತಿಕ್ಕತಿದ್ಲು, ನನಗ ಎರಡ ಅಂಗಿ, ಒಂದ ಒಗದ್ರ ಒಂದ ಹಾಕ್ಕೋಬೇಕು. ಅಂಥಾದ್ರಾಗ ಹೋಳಿಗಿ ಬ್ಯಾಡ ಅನ್ನೂವಷ್ಟು ಮಾನ ನನಗ ಇರಲಿಲ್ಲ.

ಈಗ ಲಕ್ಷ್ಯ ಇಟ್ಟು ಕೇಳ್ರಿ, ನಮ್ಮ ಕೆಲಸದ ಪದ್ಧತಿ ಹೇಳ್ತೀನಿ, ಅದು ತಿಳೀಲಿಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಸಿಡುಬಿನ ಸಿನಿಮಾ ಎರಡ ರೀಲಿನ್ಯಾಗ ಇತ್ತು, ಎರಡ ತಗಡಿನ ಡಬ್ಬಿ. ಒಂದರ ಮ್ಯಾಲ ಬಿಳೇ ಬಣ್ಣದ್ದು ಒಂದ ಚುಕ್ಕಿ, ಇನ್ನೊಂದರ ಮ್ಯಾಲ ಎರಡ ಚುಕ್ಕಿ. ಮೊದಲನೇದ್ರಾಗ ಹುಡುಗಗ ಸಿಡುಬು, ಮೈತುಂಬ ಗುಳ್ಳಿ, ಬಾಗಲಕ್ಕ ಬೇವಿನ ಸೊಪ್ಪ, ತಾಯಿ ಅಳತಾಳ. ಎರಡನೇದ್ರಾಗ ಊರಿಗೆ ಡಾಕ್ಟರ್ ಬರ್ತಾನ, ಹುಡುಗರ ತೋಳಿಗೆ ಸೂಜಿ ಹಾಕ್ತಾನ, ಎಲ್ಲಾರೂ ಬಗರಿ ಆಡ್ಕೋತ ನಗತಾರ. ಮುಗೀತು. ಆಟ ಆದಮ್ಯಾಲ ರೀಲ ತಿರುಗಿ ಸುತ್ತೂದು ನನ್ನ ಕೆಲಸ, ಸುತ್ತಿದ್ದನ್ನ ಅದರದರ ಡಬ್ಬಿಗೆ ಹಾಕಿ ಮುಚ್ಚೂದು ಹಮೀದನ ಕೆಲಸ. ಮರುದಿನ ಆಟಕ್ಕ ಮುಂಚೆ ಅವ ಡಬ್ಬಿ ತಗದು ಕೊಟ್ಟು "ಒಂದನೆಯದು" ಅನ್ನಬೇಕು, ನಾ ಮಶೀನಿಗೆ ಏರಿಸಿ "ಒಂದನೇದು ಏರೈತಿ" ಅನ್ನಬೇಕು. ಹಂಗ ಕೂಗಿ ಹೇಳಿದ ಮ್ಯಾಲೇ ಆಟ ಚಾಲೂ. ಸರ್ಕಾರದ ರೂಲು. ರೀಲಿನ ತಲೀ ಎಂದೋ ಹರದು ಹೋಗಿತ್ತು, ಹೆಸರ ನಂಬರ ಏನೂ ಇರಲಿಲ್ಲ, ಎಲ್ಲಾ ಆ ಚುಕ್ಕಿ ಮ್ಯಾಲ, ಆ ಕೂಗಿನ ಮ್ಯಾಲ ನಡೀತಿತ್ತು.

ನಾವಿಬ್ಬರೂ ಟೆಂಪರರಿ. ಒಂದ ದಿನ ಸುದ್ದಿ ಬಂತು, ಈ ವ್ಯಾನಿಗೆ ಒಂದ ನೌಕರಿ ಖಾಯಂ ಆಗತೈತಿ, ಒಂದ ಮಾತ್ರ, ಸಾಹೇಬ್ರು ಇಂಥಾ ಊರಿಗೆ ಬಂದು ಆಟ ನೋಡಿ ಇಬ್ಬರಾಗ ಒಬ್ಬರ ಹೆಸರ ಬರೀತಾರ ಅಂತ. ಯಾರ ಹೆಸರ ಬರೀತಾರ ನೀವ ಹೇಳ್ರಿ? ಕಾಣೂದು ಅವ, ಕೇಳೂದು ಅವ. ನಾ ಹೊಟ್ಟಿ ಉರಕೊಂಡ್ನಿ ಅಂದ್ರ ಸಾಲೂದಿಲ್ಲ, ನನ್ನ ಹೊಟ್ಟಿಯಾಗ ಒಲಿ ಹೂಡಿದಂಗ ಆಗಿತ್ತು. ಸಾಹೇಬ್ರು ಬರೂ ದಿನ ಮಧ್ಯಾಹ್ನ ಆ ಊರಾಗ ವ್ಯಾನ್ ಹುಣಸೀಗಿಡದ ಕೆಳಗ ನಿಂತಿತ್ತು, ಅವನೂ ಡ್ರೈವರೂ ಗೌಡರ ಮನಿಗೆ ಚಾಕ್ಕ ಹೋಗಿದ್ರು. ಅಂದ್ರ ಅವನ್ನ ಕರದಿದ್ರು, ಡ್ರೈವರ್ ಬೆನ್ನ ಹತ್ತಿದ್ದ. ನಾ ಒಬ್ಬನ ಇದ್ನಿ. ಎರಡೂ ಡಬ್ಬಿ ಮುಚ್ಚಳ ತಗದ್ನಿ. ಇದರ ರೀಲ ಅದಕ್ಕ, ಅದರ ರೀಲ ಇದಕ್ಕ. ಒಂದ ಎಲಿಗೆ ಸುಣ್ಣ ಹಚ್ಚೂವಷ್ಟು ಹೊತ್ತು ಹಿಡೀಲಿಲ್ಲ. ನನ್ನ ವಿಚಾರ ಏನಂದ್ರ, ಸಾಹೇಬರ ಮುಂದ ಅವ ಒಂದ ಹೇಳೂದು, ಪಡದೆ ಮ್ಯಾಲ ಇನ್ನೊಂದ ಬರೂದು, ಅವ ತೊದಲೂದು, ಮಂದಿ ನಗೂದು. ಅಷ್ಟ. ಮತ್ತೇನೂ ನನ್ನ ಮನಸ್ಸಿನ್ಯಾಗ ಇರಲಿಲ್ಲ, ದೇವರಾಣಿ. ಅದು ಸಿಡುಬಿನ ಸಿನಿಮಾ ಅನ್ನೂದೂ ಮನಸ್ಸಿನ್ಯಾಗ ಇರಲಿಲ್ಲ, ತಪ್ಪ ಅದ.

ನಾ ಮಶೀನ್ ಹಚ್ಚೂ ಮುಂದ ಒಂದ ಹುಡುಗಿ ಬಂದ್ಲು, ಆರೇಳು ವರ್ಷದಾಕಿ, ಕುಂಬಾರ ಓಣಿಯಾಕಿ. ಎಲ್ಲಾರೂ ಪಡದೆ ಮುಂದ ಜಾಗಾ ಹಿಡಿಯಾಕ ಓಡಿದ್ರ ಆಕಿ ನನ್ನ ಹತ್ತರ ನಿಂತ್ಲು. "ಮಾಮಾ, ಬೆಳಕ ಇದರಾಗ ತುಂಬೀರೇನ? ನಾ ಮುಟ್ಲಿ?" ಅಂದ್ಲು. ಇಷ್ಟು ವರ್ಷದಾಗ ನನ್ನ ಹೊಳ್ಳಿ ನೋಡಿದಾಕಿ ಆಕಿ ಒಬ್ಬಾಕಿನ. ನನಗ ಅವಸರ ಇತ್ತು, "ಏ ಹೋಗ ಅತ್ಲಾಗ" ಅಂದ್ನಿ. ಹೆಸರ ಸೈತ ಕೇಳಲಿಲ್ಲ.

ದೀಪ ಹಚ್ಚೂ ಹೊತ್ತಿಗೆ ಆಟ. ಸಾಹೇಬ್ರು ಮುಂದ ಖುರ್ಚಿ ಮ್ಯಾಲ. ಹಮೀದ ಒಂದ ಚುಕ್ಕಿ ಡಬ್ಬಿ ಕೊಟ್ಟ, "ಒಂದನೆಯದು." ನಾ ಅಂದ್ನಿ, "ಒಂದನೇದು ಏರೈತಿ." ಮಶೀನ್ ಓಡಿತು, ಪಡದೆ ಮ್ಯಾಲ ಡಾಕ್ಟರ್ ಬಂದ. ಹಮೀದ ಬಾಯಿ ತಗದಾವ ಹಂಗ ನಿಂತ, ಒಂದ ಉಸರಿನಷ್ಟು. ನನಗ ಎಷ್ಟ ಖುಷಿ ಆತು ಅಂತೀರಿ! ಒಂದ ಉಸರು, ಅಷ್ಟ. ಆಮ್ಯಾಲ ಆ ಪುಣ್ಯಾತ್ಮ ಚಾಲೂ ಮಾಡಿದ, "ನೋಡಿ ಬಂಧುಗಳೇ, ಸೂಜಿ ಹಾಕಿಸಿಕೊಂಡ ಮನೆಯ ಮಗು ಇದು, ಎಷ್ಟು ನಗುತ್ತಾ ಆಡುತ್ತದೆ ನೋಡಿ." ಎರಡನೇ ರೀಲ ಏರಿಸಿದ್ನಿ, ಗುಳ್ಳಿ ಬಂತು, ಬೇವಿನ ಸೊಪ್ಪ ಬಂತು, "ಸೂಜಿ ಬೇಡವೆಂದ ಮನೆಯ ಮಗು ಇದು, ಈ ತಾಯಿಯ ಕಣ್ಣೀರನ್ನು ನೋಡಿ" ಅಂದ. ಒಂದ ಅಕ್ಷರ ತೊದಲಲಿಲ್ಲ! ಸಾಹೇಬ್ರು ಚಪ್ಪಾಳಿ ಹೊಡದ್ರು. ನಾ ಹಲ್ಲ ಕಡದ್ನಿ. ರೀಲ ಅದಲಬದಲ ಮಾಡಿದ್ರೂ ಇವನ ಸೋಲ ಕಾಣಲಿಲ್ಲಲ್ಲ ಅಂತ.

ಆದ್ರ ನೋಡವಾ, ಮಂದಿ ಕಣ್ಣ ಕುರುಡಿದ್ವೇನು? ಸರ್ಕಾರಕ್ಕ ಸಿಕ್ಕಿದ್ದು ಒಬ್ಬನ ಹುಡುಗ, ಯಾವನೋ ಕ್ಲಾರ್ಕಿನ ಮಗ. ಆ ರೀಲಿನ್ಯಾಗೂ ಅವನ, ಈ ರೀಲಿನ್ಯಾಗೂ ಅವನ, ಮೈಮ್ಯಾಲ ಅದ ಗೆರಿ ಅಂಗಿ. ಹಮೀದ ಬೇರೆ ಮನಿ ಹುಡುಗ ಅಂದ್ರ ಯಾರ ನಂಬಬೇಕು? ಸೂಜಿ ಹಾಕಿದ್ರು, ಹುಡುಗ ಒಂದೀಟ ಆಡಿದ, ಆಮ್ಯಾಲ ಸಿಡುಬು ಬಂದು ಮಲಗಿದ, ತಾಯಿ ಅತ್ಲು, ಸಿನಿಮಾ ಖಲಾಸ್. ಮಂದಿ ಕಂಡದ್ದು ಇದು. ಮರುದಿನ ಮುಂಜಾನೆ ನರ್ಸಬಾಯಿ ಚಾವಡಿಯಾಗ ಸೂಜಿ ಇಟಗೊಂಡು ಕುಂತಾಳ, ಒಂದ ನರಪಿಳ್ಳೆ ಇಲ್ಲ. ಊರ ಬಾಗಲೆಲ್ಲಾ ಬಂದ್. ಒಬ್ಬ ಮುದಕಿ ಕಿಡಕ್ಯಾಗಿಂದ ಅಂದ್ಲು, "ಮಾಸ್ತರ, ನಿಮ್ಮ ಬಾಯಿ ಛಲೋ ಐತಿ. ಆದ್ರ ನಮ್ಮ ಕಣ್ಣ ಕಂಡದ್ದನ್ನ ಬಾಯಿ ಅಳಸೂದಿಲ್ಲ."

ಆಗ ಹಮೀದಗ ತಿಳೀತು ಏನಾಗೈತಿ ಅಂತ. ಸಾಹೇಬರಿಗೂ ತಿಳೀತು. ಚಾವಡಿಯಾಗ ನಮ್ಮನ್ನ ನಿಂದರಿಸಿ ಕೇಳಿದ್ರು, "ಡಬ್ಬಿಗೆ ರೀಲ್ ಹಾಕೋದು ಯಾರ ಜವಾಬ್ದಾರಿ?" ಹಮೀದ ನನ್ನ ಮಾರಿ ಸೈತ ನೋಡಲಿಲ್ಲ. "ನನ್ನದು ಸರ್. ಹಿಂದಿನ ಊರಲ್ಲಿ ಕತ್ತಲೆಯಲ್ಲಿ ನಾನೇ ತಪ್ಪಿ ಹಾಕಿರಬೇಕು" ಅಂದ. ಹಾಕಿರಬೇಕು! ಅವಗ ಅನುಮಾನನ ಬರಲಿಲ್ಲ, ಒಂದ ಕೂದಲಿನಷ್ಟೂ ಬರಲಿಲ್ಲ. ನಾ ಬಾಜೂಕ ನಿಂತಿದ್ನಿ. ಬಾಯಿ ತಗದಿದ್ರ ಒಂದ ಮಾತಿನ್ಯಾಗ ಮುಗೀತಿತ್ತು. ತಗೀಲಿಲ್ಲ. ಅಲ್ಲ, ಅಷ್ಟ ಅಲ್ಲ, ಖರೇ ಹೇಳ್ತೀನಿ ಅಂದ ಮ್ಯಾಲ ಪೂರಾ ಹೇಳಬೇಕು. ಸಾಹೇಬ್ರು ನನ್ನ ಕಡೆ ಹೊಳ್ಳಿ "ನೀನು ಯಾವತ್ತಾದರೂ ಡಬ್ಬಿ ಮುಟ್ಟೀಯೇನು?" ಅಂದ್ರು, ನಾ "ಇಲ್ರಿ ಸರ್" ಅಂದ್ನಿ.

ಸಾಹೇಬ್ರು ಜೀಪ್ ಹತ್ತಿ ಹೋದ್ರು. ಹಮೀದ ಮೂರು ದಿನ ಆ ಊರ ಬಿಡಲಿಲ್ಲ. ಮನಿ ಮನಿ ಬಾಗಲಾ ಬಡದ. ತೋಳ ಮಡಚಿ ಮಂದಿ ಮುಂದ ತಾನ ಸೂಜಿ ಹಾಕಿಸ್ಕೊಂಡ, ಅಗಸೀ ಮುಂದ ಒಮ್ಮೆ, ಚಾವಡಿಯಾಗ ಒಮ್ಮೆ, ಬಾವಿ ಹತ್ತರ ಒಮ್ಮೆ. "ನೋಡಿ, ನನಗೆ ಎಂತ ಆಯ್ತು? ಸಾಯ್ಲಿಲ್ಲ ಅಲ್ವಾ?" ಮೂರನೇ ದಿನ ತೋಳ ಬಾತು, ಮೈಯಾಗ ಜ್ವರಾ, ವ್ಯಾನಿನ್ಯಾಗ ಮಲಕೊಂಡು ನಡಗತಿದ್ದ. ನಾ ನೀರ ಕುಡಿಸಿದ್ನಿ. "ನೀವು ಇದ್ದೀರಲ್ಲ ಮಲ್ಲಣ್ಣ, ಅದೇ ಪುಣ್ಯ" ಅಂದ. ಅಂಥಾ ಮಾತ ಕೇಳೂದಕ್ಕಿಂತ ಕಪಾಳಕ್ಕ ಹೊಡದಿದ್ರ ಛಲೋ ಇತ್ತು. ಒಂದೊಂದ ಬಾಗಲಾ ತಗದ್ವು, ಊರ ಮಂದಿ ಬಂದು ಸೂಜಿ ಹಾಕಿಸ್ಕೊಂಡ್ರು. ಕುಂಬಾರ ಓಣಿಯಾಗ ಒಂದ ಮನಿ ಮಾತ್ರ ತಗೀಲಿಲ್ಲ. ಆ ಹುಡುಗಿ ಮನಿ.

ನೌಕರಿ ನನಗ ಖಾಯಂ ಆತು. ಅವನ್ನ ತಗದ್ರು. ಪೆಟ್ಟಿಗಿ ಹೊತಗೊಂಡು ಹೋಗಾವ ನನ್ನ ಕೈ ಹಿಡದು "ಖುಷಿಯಾಯ್ತು ಮಾರಾಯ, ನಮ್ಮಿಬ್ಬರಲ್ಲಿ ಒಬ್ಬನಿಗಾದರೂ ಸಿಕ್ಕಿತಲ್ಲ" ಅಂದ. ಮುಂದ ಬೊಂಬಾಯಿಗೆ ಹೋದ, ಅಲ್ಲಿಂದ ಹಡಗ ಹತ್ತಿ ಇಲ್ಲಿಗೇ ಬಂದ ಅಂತ ಯಾರೋ ಹೇಳಿದ್ರು. ಆಗ ಇಲ್ಲಿ ಏನಿತ್ತು, ಉಸುಕು. ಒಂದ ವರ್ಷ ಬಿಟ್ಟು ನಮ್ಮ ವ್ಯಾನ್ ಅದ ಊರಿಗೆ ಹೋತು. ಪಡದೆ ಮುಂದ ಆ ಕುಂಬಾರ ಓಣಿ ಹುಡುಗಿ ಕುಂತಿದ್ಲು, ಮಾರಿ ತುಂಬ ಗುಳ್ಳಿ ಕಲಿ, ಕುತಿಗಿ ಒಂದ ಕಡೆ ಹೊಳ್ಳಿಸಿ ಒಂದ ಕಣ್ಣಿಲೆ ನೋಡ್ತಿದ್ಲು. ಇನ್ನೊಂದ ಕಣ್ಣ ಸಿಡುಬು ತಗೊಂಡು ಹೋಗಿತ್ತು. ಎದ್ದು ನನ್ನ ಹತ್ತರ ಬಂದ್ಲು. ಬಂದು ಏನ್ ಕೇಳಿದ್ಲು ಗೊತ್ತೇನ? "ಮಾತಿನ ಮಾಸ್ತರ ಬರಲಿಲ್ಲೇನ ಮಾಮಾ?" ಅಂದ್ಲು. ನನಗ ಆಗಲೂ ಹೊಟ್ಟಿ ಉರೀತು. ಆಕಿ ಕಣ್ಣ ನನ್ನ ಮುಂದ ಐತಿ, ಅದು ನನ್ನ ಕೆಲಸ ಅಂತ ನನಗ ಗೊತ್ತೈತಿ, ಆದ್ರೂ ಮೊದಲ ಉರದದ್ದು ಹೊಟ್ಟಿನ. ಹೇಸಿಗಿ ಅನಸ್ತೈತೇನ? ಅನಸ್ಲಿ. ನನಗೂ ಅನಸ್ತೈತಿ.

ಈಗ ಇಲ್ಲಿಗೆ ಬರೂಣು. ನಿಮ್ಮಪ್ಪ ಕತ್ತಲಿದ್ದಾಗ ಕಂಪನಿ ಬಸ್ ಹತ್ತಿ ಮೆಸಯೀದ್‌ಗೆ ಹೋಗ್ತಾನ, ಆ ಪ್ಲಾಂಟಿನ ಬೆಂಕಿ ಮುಂದ ದುಡದು ಬರ್ತಾನ, ಅಂವ ಓದಿದ್ದು ನನ್ನ ಖಾಯಂ ನೌಕರಿಯಿಂದ. ಹಮೀದನ ಮಗ ಲುಸೈಲಿನ್ಯಾಗ ಅಂಗಡಿ ಇಟ್ಟಾನ, ಸಮುದ್ರ ಕಾಣೂ ಮನಿ. ಹೋದ ವಾರ ಸಿಂಚನಾ ಬಂದು ಹೇಳಿದ್ಲು, "ಅಜ್ಜಾ, ನನ್ನ ಕ್ಲಾಸ್‌ಮೇಟ್ ಝೈನಬ್‌ನ ಗ್ರ್ಯಾಂಡ್‌ಫಾದರ್ ಸ್ಕೂಲಿಗೆ ಬಂದಿದ್ರು, ಅವರೂ ಬಿಜಾಪುರ್ ಕಡೆ ಸಿನಿಮಾ ವ್ಯಾನಲ್ಲಿ ಇದ್ರಂತೆ." ನನ್ನ ಮನಸ್ಸಿಗೆ ಮೊದಲ ಏನ್ ಬಂತು? ನಾ ಕೊಟ್ಟ ಪೆಟ್ಟಿನಿಂದನ ಇವ ಇಲ್ಲಿಗೆ ಬಂದ, ಉದ್ಧಾರ ಆದ, ನನಗ ಪೆನ್ಶನ್, ಇವಗ ಸಮುದ್ರ! ನೋಡ್ರಿ, ಎಪ್ಪತ್ತೈದು ದಾಟಿದ್ರೂ ಈ ಒಲಿ ಆರಿಲ್ಲ. ಆಮ್ಯಾಲ ಆಕಿ ಪೂರಾ ಹೇಳಿದ್ಲು. ಇನ್ನೊಮ್ಮೆ ಹೇಳವಾ, ಅವ ಹೇಳಿದಂಗ ಹೇಳು. ಹಾಂ. "ಮಕ್ಕಳೇ, ನನ್ನ ಕೈಯಿಂದ ಒಂದು ದೊಡ್ಡ ತಪ್ಪಾಗಿದೆ. ರೀಲನ್ನು ತಪ್ಪು ಡಬ್ಬಿಗೆ ಹಾಕಿದೆ. ಗಂಗವ್ವ ಅಂತ ಒಂದು ಮಗು ಕಣ್ಣು ಕಳಕೊಂಡಿತು, ಆಮೇಲೆ ಆ ಊರಿನವರ ಕಾಗದದಿಂದ ತಿಳಿಯಿತು. ಇವತ್ತಿಗೂ ದಿನದ ಐದು ನಮಾಜಿನಲ್ಲೂ ಆ ಮಗುವಿನ ಹೆಸರು ಹೇಳಿ ಕ್ಷಮೆ ಕೇಳ್ತೇನೆ." ಟೀಚರ್‌ಗಳೆಲ್ಲಾ ಕಣ್ಣ ಒರಸಿಕೊಂಡ್ರಂತ, ಎದ್ದು ನಿಂತು ಚಪ್ಪಾಳಿ ಹೊಡದ್ರಂತ. ನನ್ನ ತಪ್ಪಿಗೂ ಚಪ್ಪಾಳಿ ಅವಗ! ಅದನ್ನೂ ನನ್ನ ಹೆಸರಿಗೆ ಬಿಡಲಿಲ್ಲ!

ಹಂಗ ಅಂದ್ಕೊಂಡ್ನಿ, ಸುಳ್ಳ ಯಾಕ ಹೇಳ್ಲಿ, ಒಂದ ತಾಸ ಹಂಗ ಅಂದ್ಕೊಂಡು ಕುಂತಿದ್ನಿ. ಆಮ್ಯಾಲ ಆ ಹೆಸರು ಕಿವಿಯಾಗ ಉಳೀತು. ಗಂಗವ್ವ. ಅವಗ ಆಕಿ ಹೆಸರ ಗೊತ್ತಿತ್ತು. ಆಕಿ ಕಣ್ಣ ಕಳದಾವ ನಾ, ನನಗ ಆಕಿ ಹೆಸರ ಮೊನ್ನೆ ನಿನ್ನ ಬಾಯಿಂದ ಗೊತ್ತಾತು. ಐವತ್ತ ವರ್ಷದ ಮ್ಯಾಲಾತು, ದಿನಕ್ಕ ಐದ ಸಲ, ಮಾಡದ ತಪ್ಪಿಗೆ ಆ ಮನಶ್ಯಾ ಮಣಕಾಲೂರಿ ಕ್ಷಮಾ ಕೇಳ್ಯಾನ. ಮಾಡಿದಾವ ನಾ ಒಂದ ಸಲನೂ ಕೇಳಿಲ್ಲ. ನಾ ಅವನ ನೌಕರಿ ಅಷ್ಟ ಕಸಗೊಂಡ್ನಿ ಅಂತ ತಿಳದಿದ್ನಿ. ಅವನ ನಿದ್ದಿನೂ ಕಸಗೊಂಡಿದ್ನಿ.

"ಅಜ್ಜಾ ಈಗ ಹೇಳ್ಬೇಡ, ಓಲ್ಡ್ ಮ್ಯಾನ್‌ಗೆ ಬೇಜಾರಾಗುತ್ತೆ" ಅಂತೀಯೇನೋ ಚಿಂಟ್ಯಾ? ಬೇಜಾರ ಆಗಲಿ, ಬೈಲಿ, ಉಗುಳಲಿ, ಊಟ ಬಿಟ್ಟು ಎದ್ದ ಹೋಗಲಿ. ನೀವೂ ನಿಮ್ಮ ಅಜ್ಜಗ ಏನ್ ಅಂತೀರೋ ಅನ್ರಿ, ಅದಕ್ಕ ನಿಮಗ ಮೊದಲ ಹೇಳಿದ್ನಿ. ಊಟ ಆದ ಮ್ಯಾಲ ಹೇಳೂಣು ಅಂತ ರಾತ್ರಿಯೆಲ್ಲಾ ಲೆಕ್ಕ ಹಾಕಿದ್ನಿ, ಮುಂಜಾನೆ ಬ್ಯಾಡ ಅನಸ್ತು. ಅರ್ಧ ಹೋಳಿಗಿ ತಂದು ಕೊಟ್ಟಾವಗ ರೊಟ್ಟಿ ಉಣಿಸಿ, ಹೊಟ್ಟಿ ತುಂಬಿಸಿ, ಬೈಯಾಕ ಬಾಯಿ ಇಲ್ಲದಂಗ ಮಾಡಿ ಹೇಳೂದು ಅಂದ್ರ ಅದೂ ಎರಡನೇ ಡಬ್ಬಿ ಮೊದಲ ಏರಿಸಿದಂಗ. ಇವತ್ತ ಒಂದನೇದ ಮೊದಲ ಏರಬೇಕು, ಊಟಕ್ಕ ಮುಂಚೆ, ಬಾಗಲದಾಗ.

ಗಂಟಿ ಬಾರಿಸಿತು, ಕೇಳಿತೇನ? ಬಂದ. ನನ್ನ ಕೋಲ ಕೊಡು ಇಲ್ಲೆ. ಏಳಿಸ್ರಿ ನನ್ನ, ಯಲ್ಲಾ, ಲಗೂನ. ಮತ್ತ ಒಂದ ಮಾತ, ನೆನಪಿಡ್ರಿ: ಹೊಟ್ಟಿಕಿಚ್ಚಿನ ಮ್ಯಾಲ ಜನ್ಮೆಲ್ಲಾ ಹಂಚ ಇಟ್ಟು ನೋಡೀನಿ ನಾ, ಒಂದ ರೊಟ್ಟಿ ಬೇಯಲಿಲ್ಲ, ಮನಿಯಾಗ ಬರೇ ಹೊಗಿ ತುಂಬಿತು. ಹೋಗವಾ ಸಿಂಚನಾ, ಬಾಗಲಾ ತಗಿ.